ಉಸಿರು ಕಟ್ಟಿದ ಮಾಸ್ತರ ಗಾಡಿ

ಹೊಸ ಗಾಡಿ ಕೆಟ್ಟರ ಮಂದಿ ನೆಟ್ಟಗ ಗ್ಯಾರೇಜಿಗೆ ಬರ್ತಾರ. ಹಳೇ ಗಾಡಿ ಕೆಟ್ಟರ ಮೊದಲ ಮನಿಮಂದಿ, ಆಮ್ಯಾಲ ಓಣಿಮಂದಿ, ಎಲ್ಲಾರೂ ಒಂದೊಂದು ಕೈ ನೋಡಿ, ಕಡೀಕ ನನ್ನಂಥ ಮಿಸ್ತ್ರಿ ಕಡೆ ತರ್ತಾರ. ಶಹಾಪುರದಾಗ ಸುರಪುರ ರೋಡಿಗೆ ನನ್ನ ಗ್ಯಾರೇಜು. ಕಾಲುವಿಗೆ ನೀರು ಬಂದ ಹೊಸದಾಗ ಗದ್ದಿ ಮಾಡಿದವರು, ನೌಕರಿ ಇದ್ದವರು ಹೈದರಾಬಾದಿನಿಂದ ಹಳೇ ಕಾರು ತರಾಕ ಹತ್ತಿದ್ರು. ಅಂಥಾದ್ರಾಗ ಕಕ್ಕೇರಾದ ಮಾಸ್ತರ್ದು ಒಂದು. ಆ ಒಂದು ಗಾಡಿ ಕಲಿಸಿದಷ್ಟು ನನಗ ನನ್ನ ಉಸ್ತಾದನೂ ಕಲಿಸಿಲ್ಲ.

೧. ಹಾರಿದ ಪೇಪರ್

ಮಾಸ್ತರು ಬಂದಾಗ ಆಯಿಲ್ ಅಳಿಯೋ ಕಡ್ಡಿ ಕೈಯಾಗ ಹಿಡಕೊಂಡಿದ್ರು.

"ಮಿಸ್ತ್ರಿ, ಇದು ತನ್ನ ಜಾಗಾದಾಗ ನಿಲ್ಲವಲ್ದು. ಹತ್ತು ಮೈಲಿಗೊಮ್ಮೆ ಟಣ್ ಅಂತ ಹೊರಗ ಜಿಗೀತದ."

ಬಾನೆಟ್ ಎತ್ತಿದೆ. ಇಂಜಿನ್ ಮೈತುಂಬ ಆಯಿಲ್. ಸೀಲಿನ ಸಂದಿಲಿಂದ, ಮುಚ್ಚಳದ ಸಂದಿಲಿಂದ, ಎಲ್ಲಾ ಕಡಿಂದ ಒಸರಾಕತ್ತಿತ್ತು.

"ಹೆಂಗರ ಮಾಡಿ ಸರಿ ಮಾಡು" ಅಂದ್ರು. "ನಮ್ಮವ್ವನ ಮೊಣಕಾಲು ಹೋಗ್ಯಾವ, ಬಸ್ ಹತ್ತಾಕ ಬರಂಗಿಲ್ಲ. ಸುರಪುರದಾಗಿರೋ ತನ್ನ ಅಕ್ಕನ್ನ ನೋಡಿ ಆಕಿಗಿ ಮೂರು ವರ್ಷ ಆತು. ಅದಕ್ಕಂತನ ಈ ಗಾಡಿ ತಂದೀನಿ. ನನ್ನ ಹೆಂಡ್ತಿ ನೋಡಿದ್ರ, ಅಂಗಳದಾಗ ಆಯಿಲ್ ಸೋರೋದು ನಿಲ್ಲಲಿಲ್ಲಂದ್ರ ಅಮಾಸಿಯೊಳಗ ಮಾರ್ರಿ ಅಂತ ಹಟ ಹಿಡದಾಳ."

ಇಂಜಿನ್ ಓಡುವಾಗ ಒಳಗ ಒಂದಿಷ್ಟು ಹೊಗಿ ಸೇರ್ತದ. ಅದು ಹೊರಗ ಹೋಗಾಕ ಕೆಳಗ ಒಂದು ಪೈಪು ಇರ್ತದ, ಬ್ರೀದರ್ ಅಂತೀವಿ. ಇಂಜಿನ್ ಚಾಲೂ ಇಟ್ಟು, ಆಯಿಲ್ ಹಾಕೋ ಮುಚ್ಚಳ ತೆಗೆದು, ಅದರ ಮ್ಯಾಲ ಒಂದು ಪೇಪರ್ ಇಡಬೇಕು. ಕುಂತರ ಆರಾಮ, ಹಾರಿದ್ರ ಒಳಗ ಗಾಳಿ ತುಂಬ್ಯಾದ ಅಂತ.

"ಒಂದು ಪೇಪರ್ ಕೊಡ್ರಿ" ಅಂದೆ. ಮಾಸ್ತರು ಚೀಲಕ್ಕ ಕೈ ಹಾಕಿ ಸಿಕ್ಕಿದ್ದು ಕೊಟ್ರು. ಇಟ್ಟೆ. ಭರ್ರಂತ ಹಾರಿದ್ದು ಕರೀ ಆಯಿಲ್ ತುಂಬಿದ ಡಬ್ಬಿಯಾಗ ಬಿತ್ತು. ತೆಗೆದು ನೋಡಿದ್ರ ಏಳನೇ ಕ್ಲಾಸಿನ ಹುಡುಗಂದು ಗಣಿತದ ಉತ್ತರ ಪತ್ರಿಕಿ!

ಮಾಸ್ತರು ಚಸ್ಮಾ ಏರಿಸಿ ಹಿಂದ ಮುಂದ ತಿರುವಿ ನೋಡಿದ್ರು.

"ಪಾಸ್ ಮಾಡಬೇಕಾತು. ಒಂದೂ ತಪ್ಪು ಕಾಣವಲ್ದು."

೨. ಕುರಿ ಡಾಕ್ಟರು

ನಾನು ಬಗ್ಗಿ ಬ್ರೀದರ್ ಪೈಪಿನ ಬಾಯಿ ನೋಡಿದೆ. ಸ್ವಚ್ಛ ಇತ್ತು. ಒಂದು ತಂತಿ ತುರುಕಿ ಒಳಗ ನೋಡಬೇಕಿತ್ತು. ಸುಳ್ಳ್ಯಾಕ ಹೇಳಲಿ, ಬ್ಯಾಸರ ಮಾಡಿದೆ.

"ಹೊಗಿ ತಡಿಯೋ ಪಿಸ್ಟನ್ ರಿಂಗು ಹೋಗ್ಯಾವ್ರಿ ಮಾಸ್ತರ್ರ. ಇಂಜಿನ್ ಇಳಸಬೇಕು, ತಿಂಗಳು ಹಿಡೀತದ" ಅಂದುಬಿಟ್ಟೆ.

ಅಮಾಸಿ ಎಂಟೇ ದಿನ ಉಳಿದಿತ್ತು. ಮಾಸ್ತರ ಮಾರಿ ಸಣ್ಣದಾತು. ನೋಡಿ ನನಗೂ ಕಸಿವಿಸಿ ಆತು.

ಅವರ ಕೂಡ ಓಣಿಯ ಒಬ್ಬ ಮುದುಕ ಬಂದಿದ್ದ, ಕುರಿ ಸಾಕೋನು. ಕಂಬಳಿ ಸರಿಸಿ, ಬಾನೆಟ್ಟಿನಾಗ ತಲಿ ಹಾಕಿ ಮೂಸಿ ನೋಡಿದ.

"ಹೊಟ್ಟಿ ಉಬ್ಬ್ಯಾದ. ಹಸಿ ಮೇವು ಹೆಚ್ಚಾದ್ರ ಕುರಿಗೂ ಹಿಂಗ ಆಗ್ತದ. ಗಾಳಿ ಹೋಗೋ ದಾರಿ ಕಟ್ಟ್ಯಾದ, ಅದನ್ನ ಬಿಡಸು."

ನನಗ ಸಿಟ್ಟು ನೆತ್ತಿಗೇರಿತು. "ಯಜಮಾನ್ರ, ಇದು ಕುರಿ ಅಲ್ರಿ, ಇಂಜಿನ್ನು! ಇಪ್ಪತ್ತು ವರ್ಷದಿಂದ ಬಿಚ್ಚಾಕತ್ತೇನಿ ನಾ."

"ಹೌದೇನಪ್ಪ? ನಾ ಹುಟ್ಟಿದಾಗಿಂದ ಉಬ್ಬಿದ ಕುರಿ ಒಂದೂ ಬಿಚ್ಚಿಲ್ಲ. ಬಿಚ್ಚಿದ್ರ ಅದು ಸಾರಿಗೇ ಹೋಗೋದು."

೩. ಅಂಗಳದಾಗ

ಆ ಮಾತು ತಲ್ಯಾಗ ಕುಂತುಬಿಟ್ಟಿತು. ಅಮಾಸಿಗಿ ಎರಡು ದಿನ ಇದ್ದಾಗ ಒಂದು ಉದ್ದನ ತಂತಿ ತಗೊಂಡು, ಬಸ್ ಹತ್ತಿ ಕಕ್ಕೇರಾಕ್ಕ ಹೋದೆ.

ಸಾರಿಸಿದ ಅಂಗಳ, ನಡುವ ಗಾಡಿ, ಗಾಡಿ ಕೆಳಗ ನಾಕು ಕಡೆ ಕರೀ ಕಲೆ. ಹಿಂದಿನ ಸೀಟಿನಾಗ ಮಾಸ್ತರ ಅವ್ವ ಹೊಸ ಸೀರಿ ಉಟ್ಟು, ಗಂಟು ಮಡಿಲಾಗ ಇಟ್ಟುಕೊಂಡು ಕುಂತಿದ್ಳು.

"ಮುಂಜಾನಿಂದ ಹಿಂಗ ಕುಂತಾಳ" ಅಂದ್ರು ಮಾಸ್ತರು. "ಮಾರೋದಾದ್ರ ನನ್ನನ್ನೂ ಕೂಡೇ ಮಾರು ಅಂತಾಳ."

ಕೆಳಗ ತೂರಿ ಬ್ರೀದರ್ ಪೈಪಿನಾಗ ತಂತಿ ಹಾಕಿದೆ. ಗೇಣು ಮ್ಯಾಲ ಮೆತ್ತಗ ಏನೋ ತಗಲಿತು. ಕೊಕ್ಕಿ ಮಾಡಿ ಜಗ್ಗಿದೆ. ಬತ್ತಿಯಂಗ ಬಿಗಿಯಾಗಿ ಹೊಸೆದ ಅರಿವಿ ತುಂಡು ಹೊರಗ ಬಂತು, ಹಿಂದಿಂದನ ಕರೀ ಆಯಿಲ್ ಫಚ್ ಅಂತ ನನ್ನ ಮಾರಿಗಿ ಬಿತ್ತು.

ಮಾಸ್ತರು ಹೆಂಡ್ತಿ ಕಡೆ ತಿರುಗಿದ್ರು. "ಅಂಗಳ, ಅಂಗಳ ಅಂತ ಸಾಯ್ತಿದ್ದಿ. ನಿಂದ ಈ ಕೆಲಸ!"

ಆಕಿ ಸೊಂಟದ ಮ್ಯಾಲ ಕೈ ಇಟ್ಟಳು. "ದೀಪದ ಬತ್ತಿ ಇಷ್ಟು ಬಿಗಿ ಹೊಸಿಯೋರು ಈ ಮನ್ಯಾಗ ಯಾರದಾರ ನೋಡ್ರಿ ಮೊದಲ."

ಮೂವರೂ ಹಿಂದಿನ ಸೀಟು ನೋಡಿದ್ವಿ. ಮುದುಕಿ ಆ ಕಡೆ ಕಿಡಕಿಯಾಗ ಏನೋ ಹುಡುಕಾಕತ್ತಿದ್ಳು.

"ಆಕಿಗಿ ಯಾಕ ಬೈತಿ? ನಾನ ತುರುಕೀನಿ" ಅಂದಳು ಸಣ್ಣ ದನಿಲೆ. "ಆ ಪೈಪಿನಿಂದ ಎರಡು ಹನಿ ಬಿದ್ದಿದ್ದಕ್ಕ ಮಾರ್ರಿ ಅಂದಳು. ಅಂಗಳದಾಗ ಕುಂತು ಕೋಲಿಲೆ ದೂಡಿದೆ. ಸೋರೋದು ನಿಂತರ ಸುರಪುರಕ್ಕ ಹೋಗಬಹುದಂತ. ಗಾಡಿ ನಾನ ಕೆಡಿಸಿಬಿಟ್ಟೆನೇನಪ್ಪ?"

ನನ್ನ ಕಣ್ಣಾಗ ನೀರು ಬಂತು, ಆಯಿಲ್ ಹೋಗಿದ್ದಕ್ಕ ಅಂತ ಹೇಳಿ ಒರೆಸಿಕೊಂಡೆ. ಸೊಸಿ ಹೋಗಿ ಅತ್ತಿ ಸೆರಗು ಸರಿ ಮಾಡಿದ್ಳು.

ಇಂಜಿನ್ ಚಾಲೂ ಮಾಡಿ, ಪೇಪರ್ ಇಟ್ಟು ನೋಡಿದೆ. ಅಲ್ಲೇ ಕುಂತಿತು. ರಿಂಗು, ಗಿಂಗು ಏನೂ ಹೋಗಿರಲಿಲ್ಲ, ಹೋಗಿದ್ದು ನನ್ನ ಮಾನ.

"ಇನ್ನ ಆರಾಮ್ರಿ. ಆದರ ಹಳೇ ಗಾಡಿ, ಪೈಪಿನಿಂದ ಒಂದೆರಡು ಹನಿ ಬೀಳೋದು ಬೀಳ್ತದ" ಅಂತ ಖರೇ ಹೇಳಿದೆ.

ಸೊಸಿ ಅಂಗಳ ನೋಡಿದ್ಳು, ಬಾಯಿ ತೆಗೆಯಾಕ ಹೋದ್ಳು. ಅಷ್ಟರಾಗ ಮುದುಕಿ ಮುಂದಿನ ಸೀಟಿಗಿ ಕೋಲಿಲೆ ಕುಟ್ಟಿದ್ಳು.

"ಲಗೂನ ಹೊಡಿಯೋ ಗಾಡಿ! ಬೀಳೋದೆಲ್ಲ ನಮ್ಮಕ್ಕನ ಅಂಗಳದಾಗ ಬೀಳಲಿ!"