ಒಂದೇ ಮುಖದ ಎರಡು ಕೇಬಲ್‌ಗಳ ವಿಚಾರವಾಗಿ

ಕೇಬಲ್ ತುದಿಗಳ ಆಕಾರವನ್ನು ನಿರ್ಧರಿಸುವ ಸಮಿತಿಯ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಸಭೆಗೆ ಬಿಸ್ಕತ್ತು ತಂದಿಡುವವರಿಗೆ

ಮಾನ್ಯರೇ,

ಮೊದಲಿಗೆ ತಮಗೂ ತಮ್ಮ ಉಪಸಮಿತಿಗಳಿಗೂ ಅವುಗಳ ಕೆಳಗಿನ ಮರಿಸಮಿತಿಗಳಿಗೂ ನನ್ನ ಅನಂತ ನಮಸ್ಕಾರಗಳು. ತಾವು ಯಾವ ಊರಿನಲ್ಲಿ, ಯಾವ ಕಟ್ಟಡದಲ್ಲಿ ಕೂತಿದ್ದೀರೋ ನನಗೆ ತಿಳಿಯದು; ತಾವು ಇದ್ದೀರೋ ಇಲ್ಲವೋ ಎಂಬುದೂ ಖಾತ್ರಿಯಿಲ್ಲ. ಆದರೆ ಯಾವ ತೂತಿಗೆ ಯಾವ ಕೇಬಲ್ ಹೋಗಬೇಕು, ಹೋದ ಮೇಲೆ ಕೆಲಸ ಮಾಡಬೇಕೋ ಸುಮ್ಮನೆ ಕೂರಬೇಕೋ ಎಂಬ ವಿಷಯದಲ್ಲಿ ಈಗಿರುವಷ್ಟು ಗೊಂದಲವನ್ನು ಒಬ್ಬ ಮನುಷ್ಯ ಒಂಟಿಯಾಗಿ ಸೃಷ್ಟಿಸಲಾರ, ಅದಕ್ಕೆ ಸಮಿತಿಯೇ ಬೇಕು ಎಂಬ ದೃಢ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ತಾವೆಲ್ಲರೂ ಹೊಟ್ಟೆತುಂಬ ಉಂಡು ಕಣ್ತುಂಬ ನಿದ್ದೆ ಮಾಡುತ್ತಿದ್ದೀರಿ ಎಂದು ಭಾವಿಸುತ್ತೇನೆ. ನಿದ್ದೆ ಒಳ್ಳೆಯದಂತೆ, ಮಾಡಿದವರು ಹೇಳುತ್ತಾರೆ.

ನನ್ನ ಪರಿಚಯ ಇಷ್ಟೇ. ನಾನು ರಸಾಯನಶಾಸ್ತ್ರದ ಪದವೀಧರೆ, ಇನ್ನೂ ಹಲ್ಲು ಬಾರದ ಒಂದು ಹೆಣ್ಣುಮಗುವಿನ ತಾಯಿ. ನಮ್ಮ ಮನೆಯಲ್ಲಿ ಮಗುವಿನ ಅಪ್ಪ ಇದ್ದಾರೆ, ಮುದ್ರಣಾಲಯದಲ್ಲಿ ಕೆಲಸ; ಬಾಣಂತನಕ್ಕೆಂದು ಬಂದು, ನನ್ನ ಸ್ಥಿತಿ ನೋಡಿ ಹೋಗಲು ಮನಸ್ಸಾಗದೆ ಉಳಿದಿರುವ ನನ್ನ ಅಮ್ಮ ಇದ್ದಾರೆ; ತೊಟ್ಟಿಲಿನ ಮೇಲೆ ಗೋಡೆಗೆ ಅಂಟಿಕೊಂಡು ಮಗುವನ್ನು ದಿಟ್ಟಿಸುವ ಒಂದು ಕ್ಯಾಮೆರಾ ಇದೆ. ಗೆಳತಿಯರು ಕೂಡಿ ಕೊಟ್ಟ ಉಡುಗೊರೆ ಅದು. ಮಗು ಕೋಣೆಯಲ್ಲಿ ಮಲಗಿದ್ದರೆ ನೀನು ಅಡುಗೆಮನೆಯಲ್ಲಿ ಫೋನಿನಲ್ಲೇ ಅದನ್ನು ನೋಡುತ್ತ ನಿಶ್ಚಿಂತೆಯಾಗಿ ಇರಬಹುದು ಎಂದು ಅವರು ಹೇಳಿದ್ದರು. ಅವರಲ್ಲಿ ಯಾರಿಗೂ ಮಕ್ಕಳಿಲ್ಲ.

ಈ ಕ್ಯಾಮೆರಾದ ಚಿತ್ರ ಗಾಳಿಯಲ್ಲಿ ಬರುತ್ತದೆ, ಗಾಳಿಯಲ್ಲಿ ಬರುವುದರಿಂದ ಆಗಾಗ ನಿಲ್ಲುತ್ತದೆ. ಬೇರೆಯವರಿಗೆ ಅದು ಸಣ್ಣ ವಿಷಯ ಇರಬಹುದು. ಆದರೆ ಮಾನ್ಯರೇ, ಉಸಿರು ನಿಂತ ಮಗುವೂ ನಿಂತುಹೋದ ಚಿತ್ರದಲ್ಲಿರುವ ಮಗುವೂ ನೋಡುವುದಕ್ಕೆ ತದ್ರೂಪು ಒಂದೇ ಎಂಬುದನ್ನು ತಾವು ಯಾವ ಸಭೆಯಲ್ಲಾದರೂ ಚರ್ಚಿಸಿದ್ದೀರಾ? ಹೊಟ್ಟೆ ಏರುತ್ತಿಲ್ಲ, ಇಳಿಯುತ್ತಿಲ್ಲ, ಬೆರಳು ಅಲ್ಲಾಡುತ್ತಿಲ್ಲ. ನಾನು ಕೈಯಲ್ಲಿದ್ದ ಸೌಟನ್ನು ಎಲ್ಲಿ ಎಸೆದೆನೆಂದು ನೋಡದೆ ಓಡುತ್ತೇನೆ, ಮೂಗಿನ ಕೆಳಗೆ ಬೆರಳು ಹಿಡಿಯುತ್ತೇನೆ, ಉಸಿರು ಬೆಚ್ಚಗೆ ತಾಗುತ್ತದೆ, ಮಗು ಮುಖ ಕಿವುಚಿ ಎದ್ದು ಕೂಗುತ್ತದೆ. ಅಮ್ಮ ಬಾಗಿಲಲ್ಲಿ ನಿಂತು, ನಿನ್ನನ್ನು ನಾನೇನು ಕ್ಯಾಮೆರಾ ಕಟ್ಟಿಕೊಂಡು ಸಾಕಿದೆನಾ, ಆ ಬೆರಳಿನ ಚಾಳಿ ಮೊದಲು ಬಿಡು, ಮೂಗು ಸವೆದುಹೋದೀತು ಎನ್ನುತ್ತಾರೆ.

ಕೊನೆಗೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಮಗುವಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದೆಯೆಂದು ನನಗೆ ಅನುಮಾನ ಎಂದೆ. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಎಲ್ಲ ಸರಿಯಿದೆ ಎಂದರು. ಎಚ್ಚರದಲ್ಲಿ ಸರಿಯೇ, ನಿದ್ದೆಯದ್ದು ಹೇಳಿ ಎಂದು ನಾನು ಕೂತಲ್ಲಿಂದ ಏಳಲಿಲ್ಲ. ಹಾಗಾದರೆ ಒಂದು ಮಧ್ಯಾಹ್ನದ ನಿದ್ದೆಯನ್ನು ಪೂರ್ತಿಯಾಗಿ, ಮಧ್ಯೆ ಎಲ್ಲೂ ಕಡಿಯದ ಹಾಗೆ ಚಿತ್ರ ತೆಗೆದು ತನ್ನಿ, ನೋಡಿ ಹೇಳುತ್ತೇನೆ ಎಂದರು. ಫೋನಿನಲ್ಲೇ ತೆಗೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಫೋನಿನ ಹೊಟ್ಟೆ ಅದೇ ಮಗುವಿನ ಫೋಟೋಗಳಿಂದ ತುಂಬಿ ಬಿರಿಯುತ್ತಿದೆ, ಒಂದನ್ನೂ ಅಳಿಸಲು ನನ್ನಿಂದಾಗದು. ಹಾಗಾಗಿ ಕ್ಯಾಮೆರಾದಿಂದ ಲ್ಯಾಪ್‌ಟಾಪಿಗೆ ಒಂದು ಕೇಬಲ್ ಎಳೆದರೆ ಆಯಿತು ಎಂದುಕೊಂಡೆ. ಆ ಕ್ಷಣದಿಂದ ನಾನು ತಮ್ಮ ಪ್ರಜೆಯಾದೆ.

ಕ್ಯಾಮೆರಾದ ಬೆನ್ನಿನಲ್ಲಿ ಮೂರು ತೂತುಗಳಿವೆ. ಜೊತೆಗೆ ಬಂದ ಪುಸ್ತಕದಲ್ಲಿ 'ಸೂಕ್ತ ಕೇಬಲ್ ಬಳಸಿ' ಎಂದಿದೆ. ಎಷ್ಟು ಸರಳ, ಎಷ್ಟು ಗಂಭೀರ. ಸೂಕ್ತ ವರನನ್ನು ಹುಡುಕಿ ಎಂದ ಹಾಗೆ.

ನಮ್ಮ ಮನೆಯಲ್ಲಿ ಕೇಬಲ್‌ಗಳಿಗೇ ಒಂದು ಡ್ರಾಯರ್ ಉಂಟು. ಮನೆಯವರಿಗೆ ಯಾವ ಕೇಬಲನ್ನೂ ಎಸೆದು ಗೊತ್ತಿಲ್ಲ. ಯಂತ್ರ ಸತ್ತು ಎಷ್ಟು ಕಾಲವಾದರೂ ಅದರ ಬಾಲ ಇರಲಿ, ಬೇಕಾಗುತ್ತೆ ಎಂದು ಸುತ್ತಿಡುತ್ತಾರೆ. ಅದರೊಳಗೆ ಕೈ ಹಾಕಿದರೆ ದೊಡ್ಡ ಕುಟುಂಬದ ಮದುವೆ ಫೋಟೋ ನೋಡಿದ ಹಾಗಾಗುತ್ತದೆ, ಎಲ್ಲರೂ ಒಬ್ಬರಿಗೊಬ್ಬರು ಸುತ್ತಿಕೊಂಡಿದ್ದಾರೆ, ಯಾರು ಯಾರ ಕಡೆಯವರೆಂದು ತಿಳಿಯದು. ಉರುಟು ತುದಿಯ ನಡುವೆ ಸೂಜಿ ಇಟ್ಟುಕೊಂಡ ಹಳೆಯ ಟಿ.ವಿ. ಕೇಬಲ್ಲು, ಯಾವ ಕಾಲದ್ದೋ ಮಾತಾಡುತ್ತ ಮೂಲೆಯಲ್ಲಿ ಕೂರುವ ದೊಡ್ಡಪ್ಪನಂತೆ. ಅದರ ಪಕ್ಕ, ಎರಡು ಕಡೆ ಸ್ಕ್ರೂ ತಿರುಗಿಸಿ ಬಿಗಿ ಮಾಡಬೇಕಾದ ನೀಲಿ ತಲೆಯದ್ದು. ಅದು ಚಿತ್ರವನ್ನು ತರುತ್ತದೆ, ಸದ್ದನ್ನು ಮನೆಯಲ್ಲೇ ಮರೆತು ಬರುತ್ತದೆ. ಇವೆರಡನ್ನೂ ಬಿಟ್ಟು ನಾನು ಮುಂದೆ ಹೋದೆ.

ಮೊದಲು, ಚಿತ್ರ ಸದ್ದು ಎರಡನ್ನೂ ಒಯ್ಯುವ ಎಚ್‌ಡಿಎಂಐ. ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ಲ್ಯಾಪ್‌ಟಾಪಿಗೆ, ಅಳತೆ ತೆಗೆದು ಹೊಲಿಸಿದ ರವಿಕೆಯಂತೆ ಕೂತವು. ಚಿತ್ರ ಮಾತ್ರ ಇಲ್ಲ. ವಿಚಾರಿಸಲಾಗಿ, ಲ್ಯಾಪ್‌ಟಾಪಿನ ಆ ತೂತು ಚಿತ್ರವನ್ನು ಹೊರಗೆ ಕೊಡುತ್ತದೆಯೇ ಹೊರತು ಒಳಗೆ ತೆಗೆದುಕೊಳ್ಳುವುದಿಲ್ಲವಂತೆ. ಬುದ್ಧಿವಾದ ಕೊಟ್ಟೇ ಅಭ್ಯಾಸ, ತೆಗೆದುಕೊಂಡು ಅಭ್ಯಾಸವಿಲ್ಲದ ಬಂಧುಗಳು ನನಗೂ ಇದ್ದಾರೆ, ಆದರೆ ಅವರ ಮುಖ ನೋಡಿದರೇ ಗೊತ್ತಾಗುತ್ತದೆ. ತಮ್ಮ ತೂತಿನ ಮುಖದಲ್ಲಿ ಅಂಥ ಯಾವ ಸೂಚನೆಯೂ ಇರಲಿಲ್ಲ. ಅದೇ ಜಾತಿಯ ಉದ್ದದ್ದೊಂದನ್ನು ಅಂಗಡಿಯಿಂದ ತಂದು ನಡುಮನೆಯ ಟಿ.ವಿ.ಗೆ ಎಳೆದಾಗ ಮಗು ಗೋಡೆಯಷ್ಟು ದೊಡ್ಡದಾಗಿ, ಗೊರಕೆಯ ಸದ್ದಿನ ಸಮೇತ ಬಂದಿತು. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಪರದೆ ಮಿನುಗಲು ಶುರುವಾಯಿತು, ದೂರ ನಡೆದು ಕಾಲು ಸೋತವರ ಹಾಗೆ. ಮಿನುಗದಿದ್ದರೂ ಪ್ರಯೋಜನವಿರಲಿಲ್ಲ, ಗೋಡೆಗೆ ಬೋಲ್ಟು ಹೊಡೆದ ಟಿ.ವಿ.ಯನ್ನು ಡಾಕ್ಟರ ಹತ್ತಿರ ಹೊತ್ತುಕೊಂಡು ಹೋಗುವುದು ಹೇಗೆ?

ಆಮೇಲೆ, ನಡುಮನೆಯಲ್ಲಿರುವ ಇಂಟರ್‌ನೆಟ್ ಪೆಟ್ಟಿಗೆಯವರೆಗೆ ಎಳೆಯಬೇಕಾದ ನೆಟ್‌ವರ್ಕ್ ಕೇಬಲ್ಲು. ಇದರ ಬಗ್ಗೆ ಕೆಟ್ಟ ಮಾತಾಡಿದರೆ ನನ್ನ ನಾಲಿಗೆಗೆ ಒಳ್ಳೆಯದಲ್ಲ. ಎಷ್ಟು ದೂರವಾದರೂ ಗೊಣಗದೆ ಹೋಗುತ್ತದೆ, ತಂದದ್ದನ್ನು ನೆಟ್ಟಗೆ ತಲುಪಿಸುತ್ತದೆ. ಆದರೆ ಅಂಥ ನಿಷ್ಠಾವಂತನನ್ನು ಹಿಡಿದು ನಿಲ್ಲಿಸಲು ತಾವು ಕೊಟ್ಟಿರುವುದು ಮಗುವಿನ ಉಗುರಿನಷ್ಟು ತೆಳ್ಳಗಿನ ಒಂದು ಪ್ಲಾಸ್ಟಿಕ್ ಕೊಂಡಿ. ಅದು ಡ್ರಾಯರಿನಲ್ಲೇ ಮುರಿದಿತ್ತು. ಮಗು ಮಲಗಬೇಕಾದರೆ ಕುಕ್ಕರಿನ ಸೀಟಿ ಕೇಳದ ಹಾಗೆ ಬಾಗಿಲು ಹಾಕಬೇಕು, ಬಾಗಿಲು ಹಾಕಿದರೆ ಕೇಬಲ್ ಎಳೆದು ತುದಿ ಜಾರಿ ಬೀಳುತ್ತದೆ. ಬಿದ್ದದ್ದನ್ನು ಮತ್ತೆ ಸಿಕ್ಕಿಸಿದರೆ ಕ್ಯಾಮೆರಾ ಸಂತೋಷಪಟ್ಟು ಹಾಡುತ್ತದೆ. ಹೌದು ಮಾನ್ಯರೇ, ಯಾವ ಕೇಬಲ್ ಹೊಸದಾಗಿ ಸೇರಿದರೂ ಈ ಕ್ಯಾಮೆರಾ ಸ್ವಾಗತ ಗೀತೆಯೊಂದನ್ನು ನುಡಿಸುತ್ತದೆ, ಅದರ ದನಿ ತಗ್ಗಿಸುವ ಗುಂಡಿಯಿಲ್ಲ. ಮಲಗಿದ ಮಗುವನ್ನು ನೋಡುವುದಕ್ಕೆಂದೇ ಮಾಡಿದ ಯಂತ್ರಕ್ಕೆ ಇಂಥ ಸಂಗೀತಪ್ರೇಮ ಕೊಟ್ಟವರು ತಮ್ಮ ಸಮಿತಿಯಲ್ಲಿಲ್ಲದಿದ್ದರೆ ದಯವಿಟ್ಟು ಸೇರಿಸಿಕೊಳ್ಳಿ. ಹೀಗೆ ಒಂದೊಂದು ಕೇಬಲಿನ ಪರೀಕ್ಷೆಗೂ ನಮ್ಮ ಮನೆಯಲ್ಲಿ ಒಂದೊಂದು ಮಧ್ಯಾಹ್ನದ ನಿದ್ದೆ ಬಲಿಯಾಯಿತು.

ಉಳಿದದ್ದು ತಮ್ಮ ಕಿರೀಟದ ಮಣಿ. ಹೇಗೆ ತಿರುಗಿಸಿ ಹಾಕಿದರೂ ಹೋಗುವ, ಎರಡೂ ಬದಿ ಒಂದೇ ರೀತಿ ಇರುವ ಆ ಸಿ ತುದಿಯ ಕೇಬಲ್ಲು. ಎಲ್ಲಕ್ಕೂ ಒಂದೇ ತುದಿ ಎಂದು ತಾವು ಸಾರಿದಾಗ ನಾನು ಕಾಲೇಜಿನಲ್ಲಿದ್ದೆ, ನಂಬಿದ್ದೆ. ಫೋನಿನ ಜೊತೆ ಬಂದ ಬಿಳಿಯದನ್ನು ಹಾಕಿದೆ. ಹಾಡು ಬಂತು, ಹಸಿರು ದೀಪ ಬಂತು, ಚಿತ್ರ ಬರಲಿಲ್ಲ. ಅಂಗಡಿಯಾತ ಫೋನಿನಲ್ಲೇ, ಸಿ ಅಂದ್ರೆ ಎಲ್ಲ ಒಂದೇ ಮೇಡಂ, ನಡೆಯುತ್ತೆ ನಡೆಯುತ್ತೆ ಎಂದ. ಅವನಿಗೆ ನಡೆಯದ ವಸ್ತುವೇ ಲೋಕದಲ್ಲಿಲ್ಲ. ಮನೆಯವರೂ ಅದನ್ನೇ ಹೇಳಿದರು. ಸಿಟ್ಟಿನಲ್ಲಿ ಡ್ರಾಯರನ್ನೇ ನೆಲಕ್ಕೆ ಬೋರಲು ಹಾಕಿದಾಗ ಅಷ್ಟೇ ಉದ್ದದ, ಅಷ್ಟೇ ಬಿಳಿಯ ಇನ್ನೊಂದು ಸಿಕ್ಕಿತು. ಯಾವುದೋ ಹಳೆಯ ಪರದೆಯ ಜೊತೆ ಬಂದದ್ದಂತೆ. ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಮಗು ಕಾಣಿಸಿತು, ಹೊಟ್ಟೆ ಏರಿತು, ಇಳಿಯಿತು, ಮತ್ತೆ ಏರಿತು. ಒಂದು ಕೇಬಲ್ ಬರೀ ಕರೆಂಟು ಹೊರುತ್ತದೆ, ಇನ್ನೊಂದು ಚಿತ್ರವನ್ನೂ ಹೊರುತ್ತದೆ, ಎರಡರ ಮುಖವೂ ಒಂದೇ. ಅವಳಿ ಮಕ್ಕಳನ್ನು ಹೆತ್ತ ತಾಯಿ ಕೂಡ ಒಬ್ಬನಿಗೆ ಮಚ್ಚೆ ಹುಡುಕಿ ಇಟ್ಟುಕೊಳ್ಳುತ್ತಾಳೆ. ತಮಗೆ ಅಷ್ಟೂ ಅಕ್ಕರೆ ಹುಟ್ಟಲಿಲ್ಲವೇ?

ಆ ಸಂಜೆ ಕೆಲಸದಿಂದ ಬಂದ ಮನೆಯವರು, ಪಾಪ, ನನಗೆ ಸಹಾಯ ಮಾಡಲೆಂದು, ಎರಡನ್ನೂ ಅಚ್ಚುಕಟ್ಟಾಗಿ ಸುತ್ತಿ ಒಟ್ಟಿಗೆ ಡ್ರಾಯರಿನಲ್ಲಿಟ್ಟರು. ಮರುದಿನ ಇನ್ನೊಂದು ನಿದ್ದೆ ಹೋಯಿತು. ಸರಿಯಾದದ್ದು ಮತ್ತೆ ಸಿಕ್ಕಿದ ಕೂಡಲೇ ಅದರ ಕುತ್ತಿಗೆಗೆ ನನ್ನ ಉಗುರುಬಣ್ಣ ಬಳಿದೆ. ಬಾಣಂತನದ ನಂತರ ಆ ಸೀಸೆಯ ಮುಚ್ಚಳ ತೆರೆದದ್ದು ಅದೇ ಮೊದಲು.

ಆದ್ದರಿಂದ ಮಾನ್ಯರಲ್ಲಿ ನನ್ನ ಸಣ್ಣ ಕೋರಿಕೆಗಳು. ಇನ್ನು ಮುಂದೆ ಕೇಬಲ್‌ಗಳು ತೂತಿನೊಳಗೆ ಹೋಗುವ ಮುಂಚೆ, ನಾನು ಚಿತ್ರ ಒಯ್ಯುವವನಲ್ಲ ತಾಯಿ, ಕ್ಷಮಿಸು, ಎಂದು ಪಿಸುದನಿಯಲ್ಲಿ ತಾವಾಗಿಯೇ ಹೇಳುವಂತೆ ಮಾಡಬೇಕು. ನಿಂತ ಚಿತ್ರದ ಮೇಲೆ 'ನಿಂತಿರುವುದು ನಾನು, ಮಗುವಲ್ಲ' ಎಂದು ದಪ್ಪಕ್ಷರದಲ್ಲಿ ಬರಬೇಕು. ಅದೂ ಆಗದಿದ್ದರೆ, ಹೆರಿಗೆ ಕೋಣೆಯಲ್ಲಿ ಕತ್ತರಿಸಿ ಹಾಕಿದ ನನ್ನ ಆ ಹಳೆಯ ಕೇಬಲನ್ನು ವಾಪಸು ಕೊಡಿಸಬೇಕು. ಅದರಲ್ಲಿ ಊಟ, ಉಸಿರು, ವರ್ತಮಾನ ಎಲ್ಲ ಎರಡೂ ಕಡೆಗೆ ಹೋಗಿಬರುತ್ತಿದ್ದವು, ಯಾವ ತುದಿ ಎಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ, ಅದಕ್ಕೆ ಸಮಿತಿಯೂ ಇರಲಿಲ್ಲ.

ಇರಲಿ. ಮಗು ಮಲಗುವ ಮುಂಚೆಯೇ ಕೇಬಲ್ ಸಿಕ್ಕಿಸಿ ತೆಗೆದ ಕಡಿಯದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತು ಡಾಕ್ಟರ ಹತ್ತಿರ ಹೋದೆವು. ಅಮ್ಮನ ತೊಡೆಯ ಮೇಲೆ ಮಗು, ನನ್ನ ತೊಡೆಯ ಮೇಲೆ ಅದರ ಟವೆಲು. ಡಾಕ್ಟರಮ್ಮ ಪೆನ್ನಿನ ತುದಿ ಕಚ್ಚುತ್ತ ನೋಡಿದರು, ಓಡಿಸಿ ನೋಡಿದರು, ಹಿಂದಕ್ಕೆ ತಂದು ನೋಡಿದರು. ಮಗುವಿನ ಹೊಟ್ಟೆ ಎಲ್ಲೂ ತಪ್ಪದೆ ಏರುತ್ತಿತ್ತು, ಇಳಿಯುತ್ತಿತ್ತು. ಆಗಾಗ ಚಿತ್ರದ ಅಂಚಿನಿಂದ ಒಂದು ಕೈ ಬರುತ್ತಿತ್ತು, ಮೂಗಿನ ಕೆಳಗೆ ಬೆರಳು ಹಿಡಿಯುತ್ತಿತ್ತು, ಮಗು ಬೆಚ್ಚಿ ಮುಖ ಕಿವುಚುತ್ತಿತ್ತು, ಕೈ ಮಾಯವಾಗುತ್ತಿತ್ತು. ಮತ್ತೆ ಕೈ, ಮತ್ತೆ ಬೆರಳು. ಈ ಕೈ ಯಾರದು ಎಂದು ಡಾಕ್ಟರಮ್ಮ ಕೇಳಿದರು. ನಾನು ಆ ಕೈಯನ್ನು ಮಗುವಿನ ಟವೆಲಿನ ಕೆಳಗೆ ಮುಚ್ಚಿಟ್ಟುಕೊಂಡೆ.

"ಮಗುಗೆ ಏನೂ ಆಗಿಲ್ಲಮ್ಮ," ಎಂದರು. "ಅದು ಮಲಗ್ತಿದೆ, ನೀವು ಎಬ್ಬಿಸ್ತಿದ್ದೀರಿ. ನಿದ್ದೆ ಬೇಕಾಗಿರೋದು ನಿಮಗೆ."

ಮನೆಯ ಬೀಗ ತೆಗೆಯುತ್ತ ಅಮ್ಮ ಹೇಳಿದರು, ನಾನು ಹೇಳಿದರೆ ಮಾತು, ಡಾಕ್ಟರು ಹೇಳಿದರೆ ಔಷಧಿ.

ಮರುದಿನ ಮಧ್ಯಾಹ್ನ ಬಿಡಲಾರದ ಅಭ್ಯಾಸಕ್ಕೆ ಬಣ್ಣದ ಕೇಬಲನ್ನು ಸಿಕ್ಕಿಸಿ, ತೊಟ್ಟಿಲಿಗೆ ಒತ್ತಿಕೊಂಡಿರುವ ಮಂಚದಲ್ಲಿ ಸುಮ್ಮನೆ ತಲೆ ಊರಿದೆ. ಎದ್ದಾಗ ಕಿಟಕಿಯ ಬೆಳಕು ಬೇರೆ ಗೋಡೆಗೆ ಹೋಗಿತ್ತು, ಎದೆ ಹಾಲು ಸೋರಿ ಬಟ್ಟೆ ನೆನೆದಿತ್ತು, ಮಗು ನಡುಮನೆಯಲ್ಲಿ ಅಜ್ಜಿಯ ಮಡಿಲಲ್ಲಿ ಬೆರಳು ಚೀಪುತ್ತಿತ್ತು. ಅಷ್ಟು ಹೊತ್ತು ಏನಾಯಿತೋ ಎಂಬ ಭಯಕ್ಕೆ ಲ್ಯಾಪ್‌ಟಾಪಿನ ಚಿತ್ರವನ್ನು ಹಿಂದಕ್ಕೆ ಓಡಿಸಿದೆ. ನಾವಿಬ್ಬರೂ ಮಲಗಿದ್ದೇವೆ. ಅಮ್ಮ ಸದ್ದಿಲ್ಲದೆ ಒಳಗೆ ಬರುತ್ತಾರೆ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬಾಗಿಲ ಕಡೆ ತಿರುಗುತ್ತಾರೆ, ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿಯುತ್ತಾರೆ. ಆಮೇಲೆ ಈ ಕಡೆ ಬಗ್ಗಿ, ಅದೇ ಬೆರಳನ್ನು ನನ್ನ ಮೂಗಿನ ಕೆಳಗೆ ಹಿಡಿಯುತ್ತಾರೆ. ಮಗುವಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಾರೆ.

ಚಿತ್ರ ಎಲ್ಲೂ ಕಡಿಯಲಿಲ್ಲ. ಆ ಮಟ್ಟಿಗೆ ತಮ್ಮ ಸಮಿತಿಗೆ ನಾನು ಋಣಿ, ಇದೊಂದನ್ನು ಮಾತ್ರ ವ್ಯಂಗ್ಯವಿಲ್ಲದೆ ಬರೆಯುತ್ತಿದ್ದೇನೆ. ಅಮ್ಮನಿಗೆ ಏನೂ ಹೇಳಿಲ್ಲ. ಅವರು ಇವತ್ತೂ ಬೆರಳಿನ ಚಾಳಿ ಬಿಡು ಎಂದು ಬೈದರು, ನಾನು ಆಯಿತಮ್ಮ ಎಂದೆ.

ಎರಡೂ ತುದಿಯಿಂದ ತಮ್ಮ ವಿಶ್ವಾಸಿ,
ತೊಟ್ಟಿಲ ಪಕ್ಕದ ಗ್ರಾಹಕಿ

ತಾ.ಕ.: ಇದರೊಂದಿಗೆ ಎರಡು ಬಿಳಿ ಕೇಬಲ್‌ಗಳನ್ನು ಕಳಿಸುತ್ತಿದ್ದೇನೆ, ನನಗೆ ಅವುಗಳ ಕೆಲಸ ಸದ್ಯಕ್ಕೆ ಮುಗಿದಿದೆ. ಎರಡೂ ಒಂದೇ ಎಂಬ ತಮ್ಮ ಅಭಿಪ್ರಾಯಕ್ಕೆ ಗೌರವ ಕೊಟ್ಟು ಉಗುರುಬಣ್ಣವನ್ನು ಒರೆಸಿದ್ದೇನೆ. ಯಾವುದರಲ್ಲಿ ಚಿತ್ರ ಹೋಗುತ್ತದೆಂದು ಸಭೆ ಸೇರಿ ಪತ್ತೆ ಮಾಡಿ. ಕ್ಯಾಮೆರಾವನ್ನೂ ಇಟ್ಟಿದ್ದೇನೆ, ಹಾಡುತ್ತದೆ. ಮೇಜಿನ ಮೇಲೆ ಯಾರದಾದರೂ ಮಗುವನ್ನು ಮಲಗಿಸಿಕೊಳ್ಳುವುದನ್ನು ಮರೆಯಬೇಡಿ.