ಧೂಳಿಗೂ ಬರ

ಎಲ್ಲಕ್ಕೂ ಕಾರಣ ಪಕ್ಕದ ಮನೆಯ ಸನೋಬರ್ ಬೀಬಿಯ ರತ್ನಗಂಬಳಿ. ಹೊಸವರ್ಷದ ನೌರೋಜ್ ಹಬ್ಬ ಹತ್ತಿರ ಬಂತೆಂದರೆ ಇರಾನಿನ ಧೂಳಿನೂರು ಜಾಬೊಲ್‌ನ ಮನೆಮನೆಯಲ್ಲೂ ಧೂಳು ಝಾಡಿಸುವುದೇ ಕೆಲಸ. ಆಕೆ ಗಂಬಳಿ ಬಡಿದದ್ದು ಸರ್ಕಾರಿ ನೌಕರ ಖುದಾದಾದನ ಮಾಳಿಗೆಯ ಮೇಲೆ. ಅದೂ ಅವನು ನೋಡಿಕೊಳ್ಳುತ್ತಿದ್ದ, ಗಾಳಿಯ ಧೂಳು ಹಿಡಿಯುವ ಸರ್ಕಾರಿ ಯಂತ್ರದ ಪಕ್ಕದಲ್ಲೇ!

ಯಂತ್ರದೊಳಗಿನ ಬಿಳಿ ಕಾಗದ ಹಳದಿಯಾಗಿತ್ತು. ಮೇಲೆ ಉಣ್ಣೆಯ ಎಳೆ.

"ಏನಕ್ಕಾ ಇದು?"

"ಹೋದ ಹಬ್ಬಕ್ಕೆ ಗಂಬಳಿ ಮೇಲೆ ಅರಿಸಿನ ಚೆಲ್ಲಿತ್ತಪ್ಪಾ. ಧೂಳು ಹಿಡಿಯೋ ಡಬ್ಬ ತಾನೇ? ನಿಂಗೆ ಉಪಕಾರಾನೇ ಆಯ್ತು!"

ಖುದಾದಾದ್ ಆ ಕಾಗದ ಕಿತ್ತು ಜೇಬಿಗೆ ತುರುಕಿದ. ಮಧ್ಯಾಹ್ನ ಇಲಾಖೆಯ ವಿಜ್ಞಾನಿ ಡಾಕ್ಟರ್ ಫರ್ಹಂಗ್ ಬಂದು ಧೂಳಿನಲ್ಲಿ ಏನೇನಿದೆಯೆಂದು ಪರೀಕ್ಷಿಸುವವರಿದ್ದರು. "ಈ ಸಲದ ಧೂಳು ನೋಡಿ ನಿನ್ನ ವರ್ಗಾವಣೆ ಹೇಳ್ತೀನಿ" ಅಂದಿದ್ದರು. ಮಳೆಯೂರು ರಶ್ತ್‌ಗೆ! ಹೆಂಡತಿ ಮಾಹ್‌ಗುಲ್ ಆಗಲೇ ಕೊಡೆ ಕೊಂಡಿದ್ದಳು.

ಹೊಸ ಕಾಗದ ಹಾಕಿದ. ಆದರೆ ವರ್ಷವಿಡೀ ಊರಿನ ಕಣ್ಣಿಗೆ ಮಣ್ಣೆರಚುವ ಗಾಳಿ ಅಂದೇ ಸತ್ತುಬಿದ್ದಿತ್ತು. ಬೀದಿಯ ಮಣ್ಣು ದಪ್ಪ, ಡಾಕ್ಟರಿಗೆ ತಿಳಿದುಬಿಡುತ್ತದೆ. ಗಾಳಿ ತಂದ ನುಣ್ಣನೆ ಹುಡಿಯೇ ಆಗಬೇಕು.

"ಮಾಹ್‌ಗುಲ್, ಕಿಟಕಿ ಮೇಲೆ ಚೂರು ಧೂಳಿದ್ಯೇನೇ?"

"ನನ್ನ ಮನೇಲಿ ಧೂಳಾ? ಬೆಳಗಿಂದ ಸೊಂಟ ಮುರಿದು ಒರೆಸಿದೀನಿ. ನಾಲಿಗೆ ಬಿಗಿ ಹಿಡಿದು ಮಾತಾಡಿ!"

ರೊಟ್ಟಿ ಅಂಗಡಿಯ ನಜರ್‌ನನ್ನು ಕೇಳಿದ.

"ರೊಟ್ಟಿ ಅಂಗಡೀಲಿ ಧೂಳು ಕೇಳ್ತೀಯಾ? ಗಿರಾಕಿ ಕೇಳಿಸ್ಕೊಂಡ್ರೆ ನನ್ನ ಗತಿ ಏನೋ? ನಡಿಯಾಚೆ!"

ಧೂಳಿನೂರಲ್ಲಿ ಧೂಳಿನ ಭಿಕ್ಷೆ ಬೇಡುವ ಮೂರ್ಖ ತಾನೊಬ್ಬನೇ ಇರಬೇಕೆಂದುಕೊಂಡು ಖುದಾದಾದ್ ಬೆವರೊರೆಸಲು ಟೋಪಿ ತೆಗೆದ. ಬುಸ್ಸನೆ ಹುಡಿ ಹಾರಿತು! ವರ್ಷದಿಂದ ಒಗೆಯದ ಟೋಪಿ. ಸೋಮಾರಿತನವೂ ಒಮ್ಮೊಮ್ಮೆ ಕೈಹಿಡಿಯುತ್ತದಲ್ಲ ಎಂದುಕೊಂಡು ಮಾಳಿಗೆಗೆ ಓಡಿ ಯಂತ್ರದ ಹೊಸ ಕಾಗದದ ಮೇಲೆ ಕೊಡವಿದ.

ಡಾಕ್ಟರು ಸಂಜೆಯೊಳಗೆ ಪರೀಕ್ಷೆ ಮುಗಿಸಿದರು. "ಸ್ಫಟಿಕ ಸರಿ, ಸುಣ್ಣ ಸರಿ, ಜೇಡಿ ಸರಿ... ಅಬ್ಬಾ, ಇಷ್ಟೊಂದು ಉಪ್ಪು! ಒಣಗಿದ ಹಾಮೂನ್ ಕೆರೆಯ ತಳಾನೇ ಎದ್ದು ಬಂದಿದೆ ಕಣಯ್ಯಾ!"

ವರ್ಷವಿಡೀ ಬೆವರು ಕುಡಿದಿದ್ದ ಟೋಪಿಯನ್ನು ಖುದಾದಾದ್ ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

"ಹಾಗಾದ್ರೆ... ರಶ್ತ್, ಸಾರ್?"

"ಹುಚ್ಚಾ! ಇಂಥ ಧೂಳು ಹಿಡಿಯೋ ಕೈನ ಬಿಡ್ತೀವಾ? ಇನ್ನು ಹತ್ತು ವರ್ಷ ಇಲ್ಲೇ ಇರು, ಈ ಉಪ್ಪಿನ ಮೂಲ ಹುಡುಕೋಣ. ರಶ್ತ್‌ಗೆ ಪಕ್ಕದೂರಿನ ಯಂತ್ರ ನೋಡ್ಕೊಳ್ಳೋ ದಡ್ಡನ್ನ ಕಳಿಸಿದ್ದಾಯ್ತು. ಹೋದ ವಾರ ಧೂಳು ಅಂತ ಗಂಬಳಿ ಉಣ್ಣೆ ಕಳಿಸಿದ್ದ. ಮಳೆಯೂರಿಗೆ ಅಂಥವನೇ ಸಾಕು!"

ಉಣ್ಣೆಯ ಎಳೆ ಅಂಟಿದ್ದ ಹಳದಿ ಕಾಗದ ಖುದಾದಾದನ ಜೇಬಿನಲ್ಲೇ ಇತ್ತು.

ಮನೆಯಲ್ಲಿ ಮಾಹ್‌ಗುಲ್ ಕೊಡೆ ಹಿಡಿದು ಬಾಗಿಲಲ್ಲೇ ಕಾದಿದ್ದಳು. "ಏನಂದ್ರು?"

"ಕೊಡೇನ ಸನೋಬರ್ ಅಕ್ಕನಿಗೆ ಕೊಟ್ಬಿಡೇ. ಮುಂದಿನ ಹಬ್ಬಕ್ಕೆ ಗಂಬಳಿ ಬಡಿಯೋಕಾಗುತ್ತೆ."