ಹದಿನಾಲ್ಕು ಸತ್ತಿದೆ

ಆ ಮಾತನ್ನು ಅವನು ಮೇಜಿನಡಿ ಅಂಗಾತ ಮಲಗಿಕೊಂಡು ಆಡಬಾರದಿತ್ತು.

ಕಂಪ್ಯೂಟರ್ ಜಾಲ ಸರಿಪಡಿಸಲು ಮೂರು ದಿನದ ಗುತ್ತಿಗೆಯ ಮೇಲೆ ಬಂದಿದ್ದ ಅವನನ್ನು ಕಚೇರಿಯಲ್ಲಿ ಎಲ್ಲರೂ ‘ಮೂರುದಿನ’ ಎಂದೇ ಕರೆಯುತ್ತಿದ್ದರು. ಇವತ್ತು ಮೂರನೆಯ ದಿನ. ಸಂಜೆ ಐದರೊಳಗೆ ಹದಿನಾಲ್ಕು ಮೇಜಿನವರೂ ‘ನನ್ನ ಲೈನು ಸರಿಯಿದೆ’ ಎಂದು ಫಾರಮ್ಮಿಗೆ ಸಹಿ ಹಾಕಿದರೆ ಅವನ ಕಂಪನಿ ಒಂದು ವರ್ಷದ ಕೆಲಸ ಕೊಡುತ್ತದೆ. ಒಂದು ಸಹಿ ಕಮ್ಮಿಯಾದರೂ ಮನೆಗೆ. ಮನೆಯೆಂದರೆ ಹೆಂಡತಿಯ ಅಣ್ಣನದು. “ಸಹಿ ಮಾಡಿಸ್ಕೊಂಡೇ ಬನ್ನಿ. ಅತ್ತಿಗೆ ಈಗೀಗ ಪಾತ್ರೆಗಳ ಹತ್ರ ನನ್ನ ವಿಷಯ ಮಾತಾಡ್ತಾರೆ” ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿದ್ದಳು.

ಮಧ್ಯಾಹ್ನದೊಳಗೆ ಹದಿಮೂರು ಸಹಿ ಆದವು. ಹದಿನಾಲ್ಕನೇ ಮೇಜಿನ ಗುಮಾಸ್ತ ಹಲ್ಲು ಕೀಳಿಸಲು ಹೋಗಿದ್ದ. ಮೂರುದಿನ ಆ ಮೇಜಿನಡಿ ತೆವಳಿ ಹೋಗಿ ತಂತಿ ಪರೀಕ್ಷಿಸಿದ. ಟೆಸ್ಟರಿನ ದೀಪ ಹತ್ತಲಿಲ್ಲ. ಕಂಪನಿಗೆ ಫೋನ್ ಮಾಡಿದ: “ಸಾರ್, ಹದಿನಾಲ್ಕು ಸತ್ತಿದೆ. ಎಳೆದು ಆಚೆ ಹಾಕ್ತೀನಿ. ಸಂಜೆಯೊಳಗೆ ಆ ಜಾಗಕ್ಕೆ ಹೊಸದು.”

ಪಕ್ಕದಲ್ಲೇ ಕಾಗದಗಳ ಕಟ್ಟು ನೆಲಕ್ಕೆ ಬಿತ್ತು. ಟಪಾಲು ನೋಡಿಕೊಳ್ಳುವ, ಎಲ್ಲರ ಪಾಲಿನ ಟಪಾಲಕ್ಕ ಚೀರಿದಳು: “ಅಯ್ಯೋ! ಹಲ್ಲು ಕೀಳಿಸೋಕೆ ಹೋದೋರು ಹೋಗೇಬಿಟ್ರಾ!”

ಅವನು ಹಿಮ್ಮುಖವಾಗಿ ತೆವಳಿ, ತಲೆ ಜಜ್ಜಿಸಿಕೊಂಡು ಹೊರಬರುವಷ್ಟರಲ್ಲಿ ಸುದ್ದಿ ಎರಡು ಮಹಡಿ ದಾಟಿತ್ತು. ಮೂರು ದಿನದಲ್ಲಿ ಅವನು ಎಳೆದ ಯಾವ ತಂತಿಗೂ ಆ ವೇಗ ಇರಲಿಲ್ಲ.

“ಅಕ್ಕಾ, ನಾನು ಹೇಳಿದ್ದು ತಂತಿ! ಮನುಷ್ಯರಾಗಿದ್ರೆ ‘ಸತ್ತಿದ್ದಾರೆ’ ಅಂತಿರಲಿಲ್ವಾ?”

“ಬದುಕಿದ್ದಾಗ ಅವರಿಗೆ ಇಲ್ಲಿ ಯಾರು ಬಹುವಚನ ಕೊಟ್ಟಿದ್ರು ಹೇಳಿ!” ಎಂದು ಟಪಾಲಕ್ಕ ಇನ್ನಷ್ಟು ಅತ್ತಳು.

ಮ್ಯಾನೇಜರು ಅರ್ಧ ದಿನದ ರಜೆ ಘೋಷಿಸಿ, ಸಭೆ ಸೇರಿಸಿ ಗದ್ಗದಿತರಾದರು. “ಎಂಥ ಮನುಷ್ಯ! ಯಾರ ಪೆನ್ನು ತಗೊಂಡ್ರೂ ಮುಚ್ಚಳ ಹಾಕೇ ವಾಪಸ್ ಕೊಡೋರು.”

“ಸಾರ್, ಅವರು ಸತ್ತಿಲ್ಲ...”

“ಹೌದು, ನಮ್ಮ ಮನಸ್ಸಲ್ಲಿದ್ದಾರೆ. ಕೂತ್ಕೊಳ್ಳಿ ಮೂರುದಿನ.”

ಅವನು ಕೂರಲಿಲ್ಲ. ನುಸುಳಿ ಹೋಗಿ ಹೊಸ ತಂತಿ ಎಳೆದ. ಹಸಿರು ದೀಪ ಹತ್ತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಗುಮಾಸ್ತ! ಕೆನ್ನೆ, ಒಳಗೊಂದು ಚೆಂಡು ಬಚ್ಚಿಟ್ಟ ಹಾಗೆ ಊದಿತ್ತು. ಮೂರುದಿನ ಅವನನ್ನು ಹೆಚ್ಚುಕಮ್ಮಿ ಹೊತ್ತುಕೊಂಡೇ ಸಭೆಗೆ ತಂದ.

“ನೋಡಿ! ಬದುಕಿದ್ದಾರೆ! ಸಹಿ ಹಾಕಿ ಸಾರ್, ಬೇಗ!”

ಸಭೆಯ ಮುಖ ಬಾಡಿತು. ಟಪಾಲಕ್ಕ ಎದ್ದು ಬಂದು ಗುಮಾಸ್ತನ ಕೈ ಹಿಡಿದಳು. “ಏನೂ ತಿಳ್ಕೋಬೇಡಿ. ರಜೆ ಘೋಷಣೆ ಆಗ್ಹೋಗಿದೆ. ನೀವೀಗ ಬದುಕಿದ್ರೆ ಎಲ್ಲರೂ ವಾಪಸ್ ಮೇಜಿಗೆ ಹೋಗ್ಬೇಕು.”

ಯಾರೋ ಬರೆದು ಗೋಡೆಗೆ ಅಂಟಿಸಿದ್ದ ತನ್ನ ಗುಣಗಾನವನ್ನು ಗುಮಾಸ್ತ ಮೊದಲಿನಿಂದ ಕೊನೆಯವರೆಗೆ ಓದಿದ. ಕಣ್ಣು ತುಂಬಿ ಬಂತು. ಬಾಯಿಂದ ಹತ್ತಿ ತೆಗೆದು ಕೇಳಿದ: “ಇನ್ನೂ ಎಷ್ಟು ಜನ ಮಾತಾಡೋರಿದ್ದಾರೆ?”

“ಒಂಬತ್ತು.”

“ಮುಂದುವರಿಸಿ” ಎಂದು ಮೊದಲ ಸಾಲಿನಲ್ಲಿ ಕೂತ. ಮೂರುದಿನ ಚಾಚಿದ ಫಾರಮ್ಮನ್ನು ಮೆಲ್ಲಗೆ ಸರಿಸಿದ. “ಇವತ್ತು ನಾನು ಸಹಿ ಹಾಕಿದ್ರೆ ಚೆನ್ನಾಗಿರಲ್ಲಪ್ಪ.”

ಮ್ಯಾನೇಜರು ಸಮಾಧಾನ ಹೇಳಿದರು. “ನಾಳೆ ಬನ್ನಿ. ಬೆಳಿಗ್ಗೆ ಹತ್ತಕ್ಕೆಲ್ಲ ಬದುಕಿರ್ತಾರೆ.”

“ನಾಳೆ ನಾನೇ ಇರಲ್ಲ ಸಾರ್!”

ಮ್ಯಾನೇಜರು ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. “ಛೆ, ಈ ವಯಸ್ಸಿಗೆ! ಡಾಕ್ಟರೇ ಹೇಳಿದ್ರಾ?”

“ಸಾರ್,” ಟಪಾಲಕ್ಕ ಮೆಲ್ಲನೆ ಕೇಳಿದಳು, “ಹಾಗಾದ್ರೆ ನಾಳೇನೂ ರಜಾನಾ?”

“ಗುತ್ತಿಗೆಯವರಿಗೆ ರಜೆ ಬರಲ್ಲಮ್ಮ. ಎರಡು ನಿಮಿಷ ಮೌನ, ಅಷ್ಟೇ.”

ಎಲ್ಲರೂ ಎದ್ದು ತಲೆ ತಗ್ಗಿಸಿದರು. ಮೌನ ಮುಗಿಯುವಷ್ಟರಲ್ಲಿ ಐದು ಹೊಡೆದಿತ್ತು.